ಬೆಕ್ಕಿನ ಹಲ್ಲೂ ನಮ್ಮ ಹಾಲನ್ನವೂ

ಎಂಟನೆಯ ತರಗತಿಯ ಮಕ್ಕಳಿಗೆ ಹಲ್ಲುಗಳ ಪಾಠ ಮಾಡುವಾಗ ಮನುಷ್ಯನ ದಂತಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, 32ರ ಲೆಕ್ಕ ಮುಗಿಯಿತೆನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಹೆಚ್ಚುಕಡಿಮೆ ಪ್ರತಿವರ್ಷವೂ ಒಂದು ಪ್ರಶ್ನೆ ಬರುತ್ತಿತ್ತು: "ಬೆಕ್ಕಿಗೆ ಎಷ್ಟು ಟೀಚರ್?" ನಿಮ್ಮಲ್ಲಿ ಕೆಲವರಿಗೆ ಇದು ನೆನಪಿರಬಹುದು. ಉತ್ತರ 30. ಮೇಲಿನ ದವಡೆಯಲ್ಲಿ 16, ಕೆಳಗಿನದರಲ್ಲಿ 14. ಮರಿಗೆ ಹಾಲುಹಲ್ಲುಗಳು 26; ಆರು ತಿಂಗಳು ತುಂಬುವುದರೊಳಗೆ ಅವು ಉದುರಿ ಕಾಯಂ ಹಲ್ಲುಗಳು ಬಂದಿರುತ್ತವೆ.

ಆ ಹಿಂದಿನ ಬೆಂಚಿನವರಲ್ಲೊಬ್ಬಳು ಈಗ ಬೆಂಗಳೂರಿನಲ್ಲಿ ಸಂಸಾರಸ್ಥೆ. ಕಳೆದ ತಿಂಗಳು ಫೋನು ಮಾಡಿ ಎರಡು ಪ್ರಶ್ನೆ ಕೇಳಿದಳು. ಪೊಟ್ಟಣದಲ್ಲಿ ಸಿಗುವ ಒಣ ಆಹಾರವನ್ನು ಕಟಕಟನೆ ಕಡಿದು ತಿಂದರೆ ಬೆಕ್ಕಿನ ಹಲ್ಲು ತಾನಾಗಿಯೇ ಸ್ವಚ್ಛವಾಗುತ್ತದೆಯಂತೆ, ಹೌದೇ? ಅದು ಬೇಡವೆಂದಾದರೆ, ನಮ್ಮದು ಮೀನು ಮಾಂಸವಿಲ್ಲದ ಮನೆ, ಹಾಲನ್ನ ಹಾಕಿದರೆ ಸಾಲದೇ? ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ನಾನು ಬದುಕಿದ ಮೂರು ಊರುಗಳಲ್ಲಿ ಮೂರು ಬಗೆಯ ಊಟ ಮಾಡುವ ಬೆಕ್ಕುಗಳನ್ನು ಕಂಡಿದ್ದೇನೆ. ಆ ಬೆಕ್ಕುಗಳ ಮೂಲಕವೇ ಉತ್ತರಿಸುತ್ತೇನೆ.

ನನ್ನ ತವರು ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿ. ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ, ಹಟ್ಟಿ ತುಂಬ ದನ. ಮನೆ ಶುದ್ಧ ಶಾಕಾಹಾರಿ. ಬೆಕ್ಕುಗಳು ಯಾವತ್ತೂ ನಾಲ್ಕೈದಕ್ಕೆ ಕಡಿಮೆ ಇದ್ದದ್ದಿಲ್ಲ. ಅವಕ್ಕೆ ಹೆಸರಿರಲಿಲ್ಲ, ತುಳುವಿನಲ್ಲಿ ಎಲ್ಲವೂ ಪುಚ್ಚೆಗಳೇ. ಸಂಜೆ ಹಾಲು ಕರೆಯುವ ಹೊತ್ತಿಗೆ ಹಟ್ಟಿಯ ಬಾಗಿಲಲ್ಲಿ ಸಾಲಾಗಿ ಕುಳಿತಿರುತ್ತಿದ್ದವು. ಅಮ್ಮ ಒಂದು ಗೆರಟೆಯಲ್ಲಿ ಕುಚ್ಚಲಕ್ಕಿ ಅನ್ನ ಕಿವುಚಿ, ಮೇಲಿಂದ ಹಾಲು ಹೊಯ್ದು ಹಟ್ಟಿಯ ಮೂಲೆಯಲ್ಲಿಡುತ್ತಿದ್ದರು. ಬೆಕ್ಕಿನ ಆಹಾರವೆಂದರೆ ಅದು ಎಂದು ನಾವೂ ತಿಳಿದಿದ್ದೆವು, ಊರೂ ತಿಳಿದಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬ ಗಾದೆಯಿಂದ ಹಿಡಿದು ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯವರೆಗೆ ನಮ್ಮ ಭಾಷೆಯಲ್ಲಿ ಬೆಕ್ಕೂ ಹಾಲೂ ಬೇರೆಯಾದದ್ದೇ ಇಲ್ಲ. ಕೃಷ್ಣದೇವರಾಯನು ಬೆಕ್ಕು ಸಾಕಲೆಂದು ಮನೆಗೊಂದು ಹಸು ಕೊಟ್ಟನಂತೆ! ಅರಮನೆಯಲ್ಲಿ ಯಾರೂ "ಸ್ವಾಮೀ, ಬೆಕ್ಕಿಗೆ ಹಸುವೇಕೆ?" ಎಂದು ಕೇಳಲಿಲ್ಲವೆಂಬುದು ಆ ಕಥೆಯ ಸ್ವಾರಸ್ಯಗಳಲ್ಲೊಂದು.

ಆದರೆ ತವರಿನ ಬೆಕ್ಕುಗಳು ಬದುಕಿದ್ದು ಆ ಗೆರಟೆಯ ಅನ್ನದಿಂದಲ್ಲ. ಅಟ್ಟದಲ್ಲಿ ಅಕ್ಕಿಮುಡಿಗಳಿದ್ದವು, ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಕೊಟ್ಟಿಗೆಯಲ್ಲಿ ತೆಂಗಿನಕಾಯಿ ರಾಶಿಯಿತ್ತು. ಇವೆಲ್ಲ ಇದ್ದಲ್ಲಿ ಇಲಿಗಳಿಗೆ ಬರವೇ? ರಾತ್ರಿ ಅಟ್ಟದ ಹಲಗೆಯ ಮೇಲೆ ದಡಬಡ ಓಟ, ಬೆಳಗ್ಗೆ ಮೆಟ್ಟಿಲಲ್ಲಿ ಒಂದು ಬಾಲವೋ ಪಿತ್ತಕೋಶವೋ ಬಿದ್ದಿರುವುದು, ಇದು ನಿತ್ಯದ ಕಾರ್ಯಕ್ರಮ. ಇಲಿ, ಓತಿ, ಹಾವುರಾಣಿ, ಮಳೆಗಾಲದಲ್ಲಿ ಕಪ್ಪೆ. ಹಾಲನ್ನವು ಅವುಗಳ ಪಾಲಿಗೆ ಊಟದ ನಂತರ ನಾವು ಅಗಿಯುವ ವೀಳ್ಯದೆಲೆಯಂತೆ ಒಂದು ಉಪಚಾರ ಮಾತ್ರ. ಶಾಕಾಹಾರಿ ಮನೆಯಲ್ಲಿ ಬೆಕ್ಕುಗಳು ತಲೆಮಾರುಗಟ್ಟಲೆ ಬಾಳಿದ್ದರ ಗುಟ್ಟು ಅಟ್ಟದಲ್ಲಿತ್ತು, ಗೆರಟೆಯಲ್ಲಿರಲಿಲ್ಲ. ಈ ಒಂದು ಸಂಗತಿಯನ್ನು ಗಮನಿಸದೆ "ನಮ್ಮ ಅಜ್ಜಿಯ ಮನೆಯ ಬೆಕ್ಕುಗಳು ಅನ್ನ ಮಜ್ಜಿಗೆ ತಿಂದು ಗಟ್ಟಿಮುಟ್ಟಾಗಿದ್ದವು" ಎನ್ನುವವರು ಇಂದಿಗೂ ಇದ್ದಾರೆ.

ಬೆಕ್ಕಿನ ಬಾಯನ್ನು ಒಮ್ಮೆ ತೆರೆದು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಮ್ಮ ಹಿಂದವಡೆ ಹಲ್ಲುಗಳ ನೆತ್ತಿ ಬೀಸುವ ಕಲ್ಲಿನಂತೆ ಅಗಲವಾಗಿದೆ. ಅನ್ನ, ಕಾಳು, ಸೊಪ್ಪು ಅರೆಯಲು ಹೇಳಿಮಾಡಿಸಿದ್ದು. ದನದ ಬಾಯಿಯಂತೂ ಅರೆಯುವುದಕ್ಕೇ ಇದೆ. ಬೆಕ್ಕಿನ ಬಾಯಲ್ಲಿ ಅರೆಯುವ ಕಲ್ಲೇ ಇಲ್ಲ. ಮೇಲಿನ ಕೊನೆಯ ಮುಂದವಡೆ ಹಲ್ಲೂ ಕೆಳಗಿನ ಹಿಂದವಡೆ ಹಲ್ಲೂ ಕತ್ತರಿಯ ಎರಡು ಅಲಗುಗಳಂತೆ ಒಂದರ ಪಕ್ಕದಲ್ಲೊಂದು ಜಾರುತ್ತವೆ. ದವಡೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ನಮ್ಮಂತೆ ಅಕ್ಕಪಕ್ಕಕ್ಕೆ ಆಡುವುದು ತೀರ ಅಲ್ಪ. ಕತ್ತರಿಸು, ನುಂಗು, ಅಷ್ಟೇ ಅದರ ಕೆಲಸ. ನಮ್ಮ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವಿದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದರಿಂದಲೇ. ಬೆಕ್ಕಿನ ಜೊಲ್ಲಿನಲ್ಲಿ ಆ ಕೆಲಸವೂ ನಡೆಯುವುದಿಲ್ಲ. ಸಿಹಿ ಎಂಬುದೇ ಅದಕ್ಕೆ ತಿಳಿಯದು. 2005ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು, ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನು ಬೆಕ್ಕಿನ ಜಾತಿಯಲ್ಲಿ ಕೆಟ್ಟು ನಿಂತಿದೆಯೆಂದು ತೋರಿಸಿಕೊಟ್ಟರು. ಹಬ್ಬದ ದಿನ ಬೆಕ್ಕು ಪಾಯಸದ ಪಾತ್ರೆ ನೆಕ್ಕಿದರೆ ಅದು ಬೆಲ್ಲಕ್ಕಲ್ಲ, ತುಪ್ಪಕ್ಕೆ.

ಇನ್ನು ಟಾರಿನ್. 1827ರಲ್ಲಿ ಎತ್ತಿನ ಪಿತ್ತರಸದಿಂದ ಮೊದಲು ಬೇರ್ಪಡಿಸಿದ ವಸ್ತುವಾದ್ದರಿಂದ ಎತ್ತಿನ ಲ್ಯಾಟಿನ್ ಹೆಸರೇ ಅದಕ್ಕೆ ಬಂತು. ನಮ್ಮ ದೇಹ ಇದನ್ನು ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಆ ಸಾಮರ್ಥ್ಯ ಸಾಲದು. ಮಾಂಸ, ಮೀನುಗಳಿಂದ ಅದನ್ನು ಪಡೆಯಲೇಬೇಕು. ಅನ್ನದಲ್ಲಿ, ಬೇಳೆಯಲ್ಲಿ, ತರಕಾರಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಸುವಿನ ಹಾಲಿನಲ್ಲಿ ಇರುವುದು ಬಹಳ ಕಡಿಮೆ. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ನಶಿಸುತ್ತದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸೋತು ಹಿಗ್ಗುತ್ತದೆಂದು 1987ರಲ್ಲಿಯೂ ಸಂಶೋಧಕರು ಪ್ರಕಟಿಸಿದರು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವ ತಯಾರಿಸಿಕೊಳ್ಳುವ ಉಪಾಯವೂ ಬೆಕ್ಕಿನ ದೇಹಕ್ಕೆ ಗೊತ್ತಿಲ್ಲ. ಹಾಲಿನ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ: ಮೊಲೆ ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ, ಹೊಟ್ಟೆ ಸಡಿಲವಾಗುತ್ತದೆ.

ನೀವು ಕೇಳಬಹುದು, ಹಲ್ಲಿನ ವಿಷಯ ಎಲ್ಲಿ ಹೋಯಿತೆಂದು. ಅದಕ್ಕೆ ಬಂಟ್ವಾಳಕ್ಕೆ ಬರಬೇಕು.

ಬಿ.ಎಡ್. ಮುಗಿಸಿ ನೌಕರಿ ಸಿಕ್ಕಿ ನಾನು ಬಹುಕಾಲ ಬಾಡಿಗೆಗಿದ್ದದ್ದು ಬಂಟ್ವಾಳದಲ್ಲಿ, ನೇತ್ರಾವತಿಗೆ ಹತ್ತಿರದ ಒಂದು ಹಂಚಿನ ಮನೆಯಲ್ಲಿ. ಎಡಬಲದ ಮನೆಗಳಲ್ಲಿ ಮೀನಿಲ್ಲದೆ ಊಟವಿರಲಿಲ್ಲ. ಬೆಳಗ್ಗೆ ಮೀನಿನವನ ಹಾರನ್ನು ದೂರದಲ್ಲಿ ಕೇಳಿಸಿತೆಂದರೆ ಕೇರಿಯ ಬೆಕ್ಕುಗಳೆಲ್ಲ ಪಾಗಾರದ ಮೇಲೆ ಹಾಜರು. ನಮ್ಮ ಶಾಲೆಯ ಗಂಟೆಗೆ ಮಕ್ಕಳು ಅಷ್ಟು ಶಿಸ್ತಿನಿಂದ ಸೇರಿದ್ದನ್ನು ನಾನು ಕಾಣೆ. ಬೂತಾಯಿ, ಬಂಗುಡೆ, ಕೊಡ್ಡಾಯಿಗಳ ತಲೆ, ಕರುಳು, ಬಾಲ ಎಲ್ಲ ಅವುಗಳ ಪಾಲು. ಹೊಳಪು ಮೈ, ತುಂಬಿದ ಕೆನ್ನೆ. ಮೀನು ತಿನ್ನುವ ಬೆಕ್ಕಿಗೆ ಹಲ್ಲಿನ ತೊಂದರೆಯೇ ಇಲ್ಲವೆಂದು ಯಾರಿಗಾದರೂ ಅನಿಸಬೇಕು. ಆದರೆ ಹತ್ತಿರದಿಂದ ನೋಡಿದರೆ ಅಲ್ಲಿಯೂ ತೊಂದರೆಗಳಿದ್ದವು.

ಬೇಯಿಸಿದ ಮೀನಿನ ಮುಳ್ಳು ಅಂಗುಳಿಗೆ ಅಡ್ಡವಾಗಿ ಎರಡು ಬದಿಯ ಹಲ್ಲುಗಳ ನಡುವೆ ಸಿಕ್ಕಿಕೊಂಡು, ಬೆಕ್ಕು ಮುಂಗಾಲಿನಿಂದ ಬಾಯಿ ಪರಚಿಕೊಳ್ಳುತ್ತ ಜೊಲ್ಲು ಸುರಿಸುತ್ತ ಓಡಾಡಿದ್ದನ್ನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲದಲ್ಲಿ ಉಪ್ಪು ಹಾಕಿದ ಒಣಮೀನು. ಉಪ್ಪಿನ ಭಾರವೆಲ್ಲ ಬೆಕ್ಕಿನ ಮೂತ್ರಪಿಂಡಕ್ಕೆ. ಹಸಿ ಮೀನುಗಳಲ್ಲಿ ಕೆಲವು ಜಾತಿಯವಕ್ಕೆ ಬಿ1 ಜೀವಸತ್ವವನ್ನು ಕೆಡಿಸುವ ಗುಣವಿದೆ, ಬೇಯಿಸಿದರೆ ಆ ಗುಣ ಹೋಗುತ್ತದೆ. ಬೂತಾಯಿಯಂಥ ಎಣ್ಣೆಮೀನನ್ನೇ ಮೂರು ಹೊತ್ತೂ ಹಾಕಿದರೆ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಹಳದಿಗಟ್ಟಿ ನೋಯುವ ಒಂದು ಕಾಯಿಲೆಯೂ ಬರುತ್ತದೆ. ಮೀನು ಒಳ್ಳೆಯದು, ಮೀನೊಂದೇ ಒಳ್ಳೆಯದಲ್ಲ.

ಆದರೆ ಹಲ್ಲಿಗೂ ಆಹಾರಕ್ಕೂ ಇರುವ ನಂಟನ್ನು ನನಗೆ ಕಣ್ಣಾರೆ ತೋರಿಸಿದ್ದು ಪಕ್ಕದ ಮನೆಯ ಒಂದು ಮರಿ. ಆ ಮನೆಯ ಅಕ್ಕನಿಗೆ ಅದು ಮಗುವಿಗಿಂತ ಹೆಚ್ಚು. ಕೋಳಿಯಂಗಡಿಯಿಂದ ಮೂಳೆಯಿಲ್ಲದ ಮೆದು ತುಂಡುಗಳನ್ನೂ ಪಿತ್ತಜನಕಾಂಗವನ್ನೂ ತರಿಸಿ, ಬೇಯಿಸಿ, ತಾನೇ ಬಿಡಿಸಿ ಬಾಯಿಗಿಡುತ್ತಿದ್ದರು. ನಾಲ್ಕು ತಿಂಗಳ ಆ ಮರಿ ಒಂದು ದಿನ ಕುರ್ಚಿಯಿಂದ ಹಾರಿದ್ದೇ ಹಿಂಗಾಲು ಮುರಿದುಕೊಂಡಿತು. ಪಶುವೈದ್ಯರು ಕೆಳದವಡೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು; ರಬ್ಬರಿನಂತೆ ಬಾಗುತ್ತಿತ್ತು, ಹಲ್ಲುಗಳು ಅಲುಗುತ್ತಿದ್ದವು. ಕಾರಣ ಸರಳ. ಬರಿಯ ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅದರ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಬೆಳೆಯುವ ಮರಿಗೆ ಅವೆರಡೂ ಹೆಚ್ಚುಕಡಿಮೆ ಸಮಸಮ ಬೇಕು. ರಕ್ತದ ಕ್ಯಾಲ್ಸಿಯಂ ಇಳಿದಾಗ ದೇಹ ತನ್ನ ಎಲುಬಿನಿಂದಲೇ ಸಾಲ ಎತ್ತುತ್ತದೆ. ಆಗ ಹಲ್ಲು ನಿಂತಿರುವ ದವಡೆಯ ಎಲುಬೂ ಕರಗುತ್ತದೆ. ಕಾಡಿನಲ್ಲೋ ಅಟ್ಟದಲ್ಲೋ ಬೇಟೆಯಾಡುವ ಬೆಕ್ಕಿಗೆ ಈ ಗತಿ ಬಾರದು, ಏಕೆಂದರೆ ಅದು ಇಲಿಯನ್ನು ಎಲುಬು ಸಹಿತ ತಿನ್ನುತ್ತದೆ. ಆ ಮರಿ ಬದುಕಿತು. ವೈದ್ಯರು ಹೇಳಿದ ಸಮತೋಲ ಆಹಾರ ತಿಂದು ತಿಂಗಳೆರಡರಲ್ಲಿ ದವಡೆ ಗಟ್ಟಿಯಾಯಿತು. ಹಿಂಗಾಲು ಮಾತ್ರ ಸೊಟ್ಟಗೇ ಉಳಿಯಿತು.

ಹುಳುಕಿನ ಮಾತೇನು ಎಂದರೆ, ಇಲ್ಲಿ ಮನುಷ್ಯರ ಅನುಭವವನ್ನು ಬೆಕ್ಕಿಗೆ ಹಚ್ಚಬಾರದು. ನಮಗೆ ಸಿಹಿ, ಪಿಷ್ಟ ಸೇರಿ ಹಲ್ಲು ಹುಳುಕಾಗುವಂತೆ ಬೆಕ್ಕಿಗೆ ಆಗುವುದಿಲ್ಲವೆಂದೇ ಹೇಳಬಹುದು. ಅದರ ಹಲ್ಲಿನ ಆಕಾರ ಬೇರೆ, ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಆದರೆ ಅದೇ ಕ್ಷಾರಗುಣದಿಂದ ಇನ್ನೊಂದು ತೊಂದರೆ. ಹಲ್ಲಿನ ಮೇಲೆ ರೋಗಾಣುಗಳ ಅಂಟುಪೊರೆಯೊಂದು ದಿನದಿನವೂ ಕಟ್ಟುತ್ತದೆ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನ ಲವಣಗಳು ಅದರಲ್ಲಿ ಸೇರಿ ಗಟ್ಟಿಯಾಗತೊಡಗುತ್ತದೆ. ಅದೇ ಹಲ್ಲುಕಿಟ್ಟ. ಒಸಡಿನ ಅಂಚು ಕೆಂಪಾಗುವುದು, ಆಮೇಲೆ ಒಸಡು ಸರಿಯುವುದು, ಒಳಗಿನ ಎಲುಬು ಕರಗಿ ಹಲ್ಲು ಸಡಿಲವಾಗುವುದು ಇದರ ಮುಂದಿನ ಹಂತಗಳು. ಇದಲ್ಲದೆ, ಬೆಕ್ಕಿನ ದೇಹವೇ ತನ್ನ ಹಲ್ಲಿನ ಬುಡವನ್ನು ಕೊರೆದು ಕರಗಿಸುವ ಇನ್ನೊಂದು ಕಾಯಿಲೆ ವಯಸ್ಸಾದ ಬೆಕ್ಕುಗಳಲ್ಲಿ ಬಹಳ ಸಾಮಾನ್ಯ. ಅದಕ್ಕೆ ಕಾರಣವೇನೆಂದು ವೈದ್ಯವಿಜ್ಞಾನ ಇನ್ನೂ ಹುಡುಕುತ್ತಿದೆ.

2019ರಲ್ಲಿ ನಿವೃತ್ತಳಾಗಿ ನಾವು ಮೂಡುಬಿದಿರೆಯ ಮನೆಗೆ ಬಂದೆವು. ಹದಿನೆಂಟು ಬಸದಿಗಳ ಊರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನ ಮನೆಗಳು ನೆರೆಯಲ್ಲಿ. ನಮ್ಮ ಮನೆಯೂ ಶಾಕಾಹಾರಿ. ಅತ್ತೆಯವರಿಗೆ ಆಗ ಎಂಬತ್ತು ದಾಟಿತ್ತು. ಅವರ ಜೊತೆಗಾರ್ತಿ ಬೊಳ್ಳಿ ಎಂಬ ಬಿಳಿ ಬೆಕ್ಕು, ಆಗಿನ್ನೂ ಎರಡು ವರ್ಷದ್ದು. ಮುಂದೆಯೇ ವಾಹನಗಳು ಎಡೆಬಿಡದೆ ಓಡುವ ಹೆದ್ದಾರಿಯಾದ್ದರಿಂದ ಅದನ್ನು ಹೊರಗೆ ಬಿಡುವಂತಿರಲಿಲ್ಲ. ಮನೆ ಆರ್‌ಸಿಸಿಯದು, ಅಟ್ಟವಿಲ್ಲ, ಅಕ್ಕಿಮುಡಿಯಿಲ್ಲ, ಇಲಿಯಿಲ್ಲ. ಅತ್ತೆಯವರು ತಾವು ಉಂಡದ್ದರಲ್ಲಿ ಮೊದಲ ತುತ್ತನ್ನು ಅದಕ್ಕೆ ಎತ್ತಿಡುವವರು. ಬೆಳ್ತಿಗೆ ಅನ್ನ ಹಾಲು, ಮೊಸರನ್ನ, ದೋಸೆಯ ತುಂಡು, ತುಪ್ಪ. ಪ್ರೀತಿಗೇನೂ ಕೊರತೆಯಿರಲಿಲ್ಲ. ತವರಿನ ಗೆರಟೆಯೇ ಇಲ್ಲಿ ಸ್ಟೀಲಿನ ತಟ್ಟೆಯಾಗಿತ್ತು, ಅಟ್ಟವೊಂದು ಮಾತ್ರ ಇರಲಿಲ್ಲ. ನಾನು ಬಂದ ದಿನದಿಂದ ಈ ಬಗ್ಗೆ ಹೇಳುತ್ತಲೇ ಇದ್ದೆ. ಪಕ್ಕದೂರಿನಿಂದ ಮೊಟ್ಟೆಯನ್ನಾದರೂ ತರಿಸೋಣವೆಂದರೆ "ನನ್ನ ಕಾಲವಾದ ಮೇಲೆ ಎಂತ ಬೇಕಾದರೂ ಮಾಡಿ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅಡುಗೆಮನೆ ಅವರದು. ಐವತ್ತು ವರ್ಷ ಅದನ್ನು ಆಳಿದವರ ಮುಂದೆ ನಿವೃತ್ತ ಶಿಕ್ಷಕಿಯ ಮಾತು ಎಷ್ಟು ನಡೆದೀತು?

2021ರ ಮಳೆಗಾಲದಲ್ಲಿ ಬೊಳ್ಳಿಯ ಬಾಯಿ ನಾರತೊಡಗಿತು. ಗಲ್ಲದ ಬಿಳಿ ಕೂದಲು ಜೊಲ್ಲಿನಿಂದ ಕಂದಾಯಿತು. ತಟ್ಟೆಯತ್ತ ಹಸಿವಿನಿಂದ ಓಡಿಬರುವುದು, ಒಂದು ತುತ್ತು ಬಾಯಿಗೆ ಹಾಕುವುದು, ಚೀರಿ ಹಿಂದಕ್ಕೆ ಹಾರುವುದು. ಹಸಿವಿದೆ, ತಿನ್ನಲಾಗುವುದಿಲ್ಲ. ಇದನ್ನು ನೋಡುವುದು ಬಹಳ ಕಷ್ಟ. ಅತ್ತೆಯವರು ಹಲ್ಲುನೋವಿಗೆ ತಾವು ಬಳಸುವ ಲವಂಗದೆಣ್ಣೆಯ ಸೀಸೆ ತಂದರು. ನೆರೆಯವರೊಬ್ಬರು ಕಾಲು ಪಾರಾಸಿಟಮಾಲ್ ಅರೆದು ಹಾಲಿನಲ್ಲಿ ಕೊಡಿ ಎಂದರು. ಎರಡನ್ನೂ ನಾನು ತಡೆದೆ. ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ: ಪಾರಾಸಿಟಮಾಲ್ ಬೆಕ್ಕಿಗೆ ವಿಷ, ಸಣ್ಣ ಪ್ರಮಾಣವೂ ಪ್ರಾಣ ತೆಗೆಯಬಲ್ಲದು. ಅದನ್ನು ನಿರಪಾಯ ಮಾಡಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಲವಂಗದೆಣ್ಣೆಯ ಸಾರವೂ ಅದೇ ಕಾರಣಕ್ಕೆ ಅಪಾಯಕಾರಿ. ನಮ್ಮ ಟೂತ್‌ಪೇಸ್ಟನ್ನೂ ಬೆಕ್ಕಿಗೆ ಹಚ್ಚಬಾರದು. ಅದಕ್ಕೆ ಬಾಯಿ ಮುಕ್ಕಳಿಸಿ ಉಗುಳಲು ಬರುವುದಿಲ್ಲ, ಎಲ್ಲವೂ ಹೊಟ್ಟೆಗೇ ಹೋಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಶುವೈದ್ಯೆ. ಬೊಳ್ಳಿಯನ್ನು ಅವಳ ಬಳಿಗೆ ಕೊಂಡೊಯ್ದೆವು. ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ಕಿಟ್ಟ ಕೆರೆದು, ಉಳಿಸಲಾಗದ ಐದು ಹಲ್ಲುಗಳನ್ನು ಕಿತ್ತಳು. ಎರಡರ ಬುಡ ಕರಗಿಹೋಗಿತ್ತು, ಮೂರು ಒಸಡಿನ ರೋಗದಿಂದ ಸಡಿಲವಾಗಿದ್ದವು. ಅತ್ತೆಯವರು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಬಂದಿದ್ದರು. ಒಳಗೆ ಬಂದು ನೇರವಾಗಿ ಕೇಳಿದರು, "ನಾನು ಅನ್ನ ಹಾಕಿದ್ದಕ್ಕೆ ಹೀಗಾದದ್ದಾ ಮಗಾ?"

ಆ ಹುಡುಗಿಯ ಉತ್ತರ ನನಗೆ ಮೆಚ್ಚಿಗೆಯಾಯಿತು. "ಅನ್ನದಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ ಅಜ್ಜಿ. ಬರೀ ಮೀನು ತಿನ್ನುವ ಬೆಕ್ಕುಗಳಿಗೂ ಹೀಗಾಗುತ್ತದೆ. ಆದರೆ ಗಾಯ ಮಾಗುವುದಕ್ಕೆ, ಒಸಡು ರೋಗಾಣುವನ್ನು ತಡೆಯುವುದಕ್ಕೆ ಮೈಯಲ್ಲಿ ಶಕ್ತಿ ಬೇಕಲ್ಲ, ಅದು ಇದರ ಊಟದಲ್ಲಿಲ್ಲ. ಇದೇ ಊಟ ಮುಂದುವರಿಸಿದರೆ ಹಲ್ಲಿಗಿಂತ ಮೊದಲು ಕಣ್ಣೋ ಹೃದಯವೋ ಹೋಗುತ್ತದೆ." ಅತ್ತೆಯವರು ಸಸ್ಯದಿಂದಲೇ ಮಾಡಿದ ಬೆಕ್ಕಿನ ಆಹಾರ ಸಿಗುವುದಿಲ್ಲವೇ ಎಂದೂ ವಿಚಾರಿಸಿದರು. ಟಾರಿನ್ ಅನ್ನು ಕಾರ್ಖಾನೆಯಲ್ಲಿ ತಯಾರಿಸಲು ಬರುತ್ತದೆ, ಅದನ್ನು ಬೆರೆಸಿದ ಅಂಥ ಆಹಾರ ಹೊರದೇಶಗಳಲ್ಲಿದೆ, ಆದರೆ ಆಗಾಗ ರಕ್ತ ಮೂತ್ರಗಳ ತಪಾಸಣೆಯಿಲ್ಲದೆ, ಅದೂ ಈಗಾಗಲೇ ಸೊರಗಿದ ಬೆಕ್ಕಿಗೆ, ತಾನು ಹೇಳಲಾರೆನೆಂದಳು. ಮನೆಯಲ್ಲಿ ಬೇಳೆ ಬೇಯಿಸಿ ಅದನ್ನು ಸರಿಗಟ್ಟಲಾಗದೆಂಬುದನ್ನೂ ಸ್ಪಷ್ಟವಾಗಿ ಹೇಳಿದಳು.

ಮನೆಗೆ ಮರಳಿದ ಮೇಲೆ ಎರಡು ದಿನ ಅತ್ತೆಯವರು ಆ ವಿಷಯ ಎತ್ತಲಿಲ್ಲ. ಮೂರನೆಯ ದಿನ ಜಗಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತ ಹೇಳಿದರು, "ಬೆಕ್ಕು ಇಲಿ ಹಿಡಿದರೆ ಅದು ಬೆಕ್ಕಿನ ಕರ್ಮ. ನನಗೆ ಅದರಲ್ಲಿ ಎಂತದೂ ಇಲ್ಲ. ಆದರೆ ಅಂಗಡಿಯಿಂದ ಮೀನು ತರುವುದು ಬೆಕ್ಕು ಅಲ್ಲವಲ್ಲ. ದುಡ್ಡು ಕೊಡುವವರು ನಾವು. ಅದರ ಲೆಕ್ಕ ಯಾರ ಹೆಸರಲ್ಲಿ ಬರೆಯುವುದು?"

ಮೂವತ್ತೈದು ವರ್ಷ ಜೀವಶಾಸ್ತ್ರ ಕಲಿಸಿದ ನನ್ನ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ, ಈಗಲೂ ಇಲ್ಲ. ಟಾರಿನ್ನಿನ ಮಾತೆತ್ತಿ ಅದನ್ನು ಬದಿಗೆ ಸರಿಸಬಹುದಿತ್ತು. ಆದರೆ ಅದು ಅಜ್ಞಾನದ ಪ್ರಶ್ನೆಯಲ್ಲ. ಬೇಟೆಯಾಡಲು ಬಿಡದೆ ಮನೆಯೊಳಗೆ ಕೂಡಿಹಾಕಿ, ಅದರ ಹೊಟ್ಟೆಯ ಹೊಣೆಯನ್ನು ನಾವೇ ಹೊತ್ತ ಮೇಲೆ ಹುಟ್ಟುವ ಪ್ರಶ್ನೆ. ತವರಿನಲ್ಲಿ ಅದು ಹುಟ್ಟಲೇ ಇಲ್ಲ, ಏಕೆಂದರೆ ಅಲ್ಲಿ ಲೆಕ್ಕವೆಲ್ಲ ಕತ್ತಲೆಯಲ್ಲಿ ಅಟ್ಟದ ಮೇಲೆ ಮುಗಿದುಹೋಗುತ್ತಿತ್ತು. ನಾನು ಇಷ್ಟು ಮಾತ್ರ ಹೇಳಿದೆ: "ಹೌದು ಅತ್ತೆ, ಲೆಕ್ಕ ನಮ್ಮದೇ. ಅದು ಹಸಿದು ಸತ್ತರೆ ಆ ಲೆಕ್ಕವೂ ನಮ್ಮದೇ ಅಲ್ಲವಾ?"

ಅವರು ಏನೂ ಹೇಳಲಿಲ್ಲ. ಆ ವಾರ ವೈದ್ಯೆ ಕೊಟ್ಟಿದ್ದ ಮೆತ್ತಗಿನ ಆಹಾರದ ಪೊಟ್ಟಣವನ್ನು ನಾನು ಹಿತ್ತಿಲ ಬಟ್ಟೆಯೊಗೆಯುವ ಕಲ್ಲಿನ ಬಳಿ, ಕಬ್ಬಿಣದ ಬಲೆ ಹಾಕಿದ ಜಾಗದಲ್ಲಿ ಬೊಳ್ಳಿಗೆ ಹಾಕುತ್ತಿದ್ದೆ. ಅತ್ತೆಯವರು ಕಿಟಕಿಯಿಂದ ನೋಡುತ್ತಿದ್ದರು. ತಟ್ಟೆ ನೆಕ್ಕಿ ಮುಗಿಸಿ, ಕುಳಿತು, ಬಹಳ ದಿನಗಳ ನಂತರ ಬೊಳ್ಳಿ ಮುಖ ತೊಳೆದುಕೊಂಡಿತು. ಬಾಯಿ ನೋಯುವ ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿರುತ್ತದೆ. ಮತ್ತೆ ಶುರುಮಾಡಿದರೆ ಗುಣವಾಗುತ್ತಿದೆಯೆಂದು ಅರ್ಥ. ಅಂದು ಸಂಜೆ ಅತ್ತೆಯವರ ತೀರ್ಪು ಬಂತು. ಹೊರಗೇ ಹಾಕಬೇಕು. ತಟ್ಟೆ, ಚಮಚ ಒಳಗೆ ಬರಕೂಡದು. ತೊಳೆಯುವುದೂ ಹೊರಗಿನ ನಳದಲ್ಲಿ. "ಮತ್ತೆ, ಇದರ ನಂತರ ಈ ಮನೆಗೆ ಬೇರೆ ಬೆಕ್ಕು ಬೇಡ" ಎಂದು ಸೇರಿಸಿದರು. ಬೆಕ್ಕಿಲ್ಲದ ಮನೆಯಲ್ಲಿ ಅವರು ಒಂದು ದಿನವೂ ಇದ್ದವರಲ್ಲವೆಂದು ನನ್ನ ಯಜಮಾನರು ಆಮೇಲೆ ನನ್ನೊಡನೆ ಹೇಳಿದರು.

ಇನ್ನು ಒಣ ಆಹಾರದ ಪ್ರಶ್ನೆ ಉಳಿಯಿತು. ಕಟಕಟ ಶಬ್ದಕ್ಕೆ ಮರುಳಾಗಬೇಡಿ. ಸಾಮಾನ್ಯ ಒಣ ಆಹಾರದ ಕಾಳು ಹಲ್ಲಿನ ತುದಿ ತಗಲಿದೊಡನೆ ಪುಡಿಯಾಗುತ್ತದೆ. ಎಷ್ಟೋ ಬೆಕ್ಕುಗಳು ಅದನ್ನು ಕಡಿಯದೆ ಇಡಿಯಾಗಿಯೇ ನುಂಗುತ್ತವೆ. ಒಸಡಿನ ಅಂಚಿನಲ್ಲಿ, ಅಂದರೆ ರೋಗ ಆರಂಭವಾಗುವ ಜಾಗದಲ್ಲಿ, ಅದು ಉಜ್ಜುವುದೇ ಇಲ್ಲ. ಚಕ್ಕುಲಿ ತಿಂದರೆ ನಮ್ಮ ಹಲ್ಲು ತೊಳೆದಂತಾಗುತ್ತದೆಯೇ? ಹಲ್ಲಿಗೆಂದೇ ತಯಾರಿಸಿದ ಕೆಲವು ಬಗೆಗಳಿವೆ. ಅವುಗಳ ಕಾಳು ದೊಡ್ಡದು, ನಾರು ಒಂದೇ ದಿಕ್ಕಿನಲ್ಲಿ ಹೆಣೆದಿರುವುದರಿಂದ ಹಲ್ಲು ಒಳಗೆ ಇಳಿಯುವವರೆಗೂ ಒಡೆಯುವುದಿಲ್ಲ. ಇಂಥವನ್ನು ಪರೀಕ್ಷಾಫಲ ನೋಡಿ ಒಪ್ಪುವ ಪಶುದಂತ ಪರಿಷತ್ತೊಂದು ಅಮೆರಿಕದಲ್ಲಿ 1997ರಿಂದ ಇದೆ. ಪೊಟ್ಟಣದ ಮೇಲೆ ಅದರ ಮುದ್ರೆಯಿದ್ದರೆ ಸ್ವಲ್ಪ ನಂಬಬಹುದು.

ಹಾಗಾದರೆ ಬೇಟೆಯೇ ಉತ್ತಮವೇ? ಇದಕ್ಕೆ ಬಹಳ ದೂರದಿಂದ ಒಂದು ಸಾಕ್ಷಿ ಸಿಗುತ್ತದೆ. ದಕ್ಷಿಣ ಆಫ್ರಿಕಕ್ಕೆ ಸೇರಿದ, ಹಿಂದೂ ಮಹಾಸಾಗರದ ತೆಂಕಣ ತುದಿಯ ಮರಿಯನ್ ದ್ವೀಪಕ್ಕೆ 1949ರಲ್ಲಿ ಹವಾಮಾನ ಕೇಂದ್ರದ ಇಲಿಕಾಟಕ್ಕೆಂದು ಐದು ಬೆಕ್ಕುಗಳನ್ನು ಒಯ್ದರು. ಅವು ಸಾವಿರಗಟ್ಟಲೆಯಾಗಿ ಕಡಲಹಕ್ಕಿಗಳನ್ನು ತಿಂದು ಮುಗಿಸತೊಡಗಿದ್ದರಿಂದ, 1991ರ ಹೊತ್ತಿಗೆ ಅವುಗಳನ್ನೇ ನಿರ್ಮೂಲ ಮಾಡಬೇಕಾಯಿತು. ಆ ಬೆಕ್ಕುಗಳ ತಲೆಬುರುಡೆಗಳನ್ನು ಆಮೇಲೆ ದಂತತಜ್ಞರು ಪರೀಕ್ಷಿಸಿದರು. ಹಕ್ಕಿಯನ್ನು ಗರಿ, ಎಲುಬು ಸಹಿತ ಹರಿದು ತಿಂದ ಹಲ್ಲುಗಳು. ಕಿಟ್ಟ ನಿಜಕ್ಕೂ ಬಹಳ ಕಡಿಮೆಯಿತ್ತು. ಆದರೂ ಹಲ್ಲಿನ ಬುಡದ ಎಲುಬು ಕರಗಿದ ಗುರುತು ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕಿತ್ತು. ತವರಿನ ಅಟ್ಟದ ಬೆಕ್ಕುಗಳ ಬಾಯನ್ನು ಯಾರೂ ತೆರೆದು ನೋಡಿರಲಿಲ್ಲ ಎಂಬುದು ಇದನ್ನು ಓದಿದಾಗ ನನಗೆ ಹೊಳೆಯಿತು. ಅವು ಹಲ್ಲುನೋವೆಂದು ಹೇಳಿಕೊಳ್ಳುತ್ತಿರಲಿಲ್ಲ. ವಯಸ್ಸಾದವು ಒಂದು ದಿನ ಗೆರಟೆಯ ಬಳಿ ಬರುವುದನ್ನು ನಿಲ್ಲಿಸುತ್ತಿದ್ದವು. ತೋಟಕ್ಕೆ ಹೋಗಿರಬೇಕೆಂದು ನಾವು ಅನ್ನುತ್ತಿದ್ದೆವು.

ಆದ್ದರಿಂದ ಬೆಂಗಳೂರಿನ ಹುಡುಗಿಗೆ ನನ್ನ ಉತ್ತರವಿದು. ಬೆಕ್ಕಿಗೆ ಮಾಂಸಾಹಾರ ಬೇಕು, ಆದರೆ ಅದು ಹಲ್ಲು ಉಜ್ಜುವುದಕ್ಕಲ್ಲ, ದೇಹ ನಡೆಯುವುದಕ್ಕೆ. ಒಣದೋ ಹಸಿಯದೋ ಎಂಬುದಕ್ಕಿಂತ ಆ ಪೊಟ್ಟಣದ ಮೇಲೆ ಅದು ಸಂಪೂರ್ಣ, ಸಮತೋಲ ಆಹಾರವೆಂದು ಬರೆದಿದೆಯೇ ನೋಡು. ಮನೆಯಲ್ಲಿ ಮೀನು ಬೇಯಿಸುವವರು ಮುಳ್ಳು ತೆಗೆಯಿರಿ, ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಲ್ಲಿಗಂತೂ ಬ್ರಷ್ಷಿಗೆ ಸಮನಾದದ್ದು ಇನ್ನೊಂದಿಲ್ಲ.

ನಗಬೇಡಿ, ನಾವು ಉಜ್ಜುತ್ತೇವೆ. ಮೊದಲ ಎರಡು ವಾರ ಬೆರಳಿಗೆ ತೆಳು ಬಟ್ಟೆ ಸುತ್ತಿ, ಬೆಕ್ಕಿಗೆಂದೇ ಸಿಗುವ ಪೇಸ್ಟನ್ನು ನೆಕ್ಕಿಸುವುದಷ್ಟೇ. ಆಮೇಲೆ ತುಟಿ ಎತ್ತಿ ಹಲ್ಲಿನ ಹೊರಮೈಯನ್ನು ಒಸಡಿನ ಅಂಚಿನಲ್ಲಿ ಒರೆಸುವುದು. ಒಳಮೈಯನ್ನು ಅದರ ಒರಟು ನಾಲಗೆ ನೋಡಿಕೊಳ್ಳುತ್ತದೆ. ಈಗ ಚಿಕ್ಕ ಬ್ರಷ್ಷಿಗೆ ಒಗ್ಗಿದೆ, ಒಂದು ನಿಮಿಷದ ಕೆಲಸ. ಹಿಡಿದುಕೊಳ್ಳುವವರು ಅತ್ತೆಯವರು, ಪೇಸ್ಟಿನಲ್ಲಿ ಕೋಳಿಯ ರುಚಿ ಇದೆಯೆಂಬುದು ಅವರಿಗೆ ಗೊತ್ತು, ಆದ್ದರಿಂದ ಆ ಕೆಲಸವೂ ಹಿತ್ತಿಲಿನಲ್ಲೇ, ಅವರ ಸ್ನಾನಕ್ಕೆ ಮೊದಲೇ ಆಗಬೇಕು. ಕಚ್ಚಿಸಿಕೊಂಡದ್ದು ಎರಡು ಸಲ, ಎರಡೂ ಸಲ ನಾನೇ.

ಬೊಳ್ಳಿಯ ಬಾಯಲ್ಲಿ ಈಗ 25 ಹಲ್ಲುಗಳಿವೆ. ಎಡಗಡೆಯ ಮೇಲಿನ ಒಂದು ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಕಾಣುತ್ತಿದೆ. ಮಳೆ ಬಿಟ್ಟ ಮೇಲೆ ಕರೆದುಕೊಂಡು ಬನ್ನಿ ಎಂದು ವೈದ್ಯೆ ಹೇಳಿದ್ದಾಳೆ. ನಿಮ್ಮಲ್ಲಿ ಯಾರಾದರೂ ಬೆಕ್ಕಿಗೆ ಹಲ್ಲುಜ್ಜುವ ಅಭ್ಯಾಸ ಮಾಡಿಸಿದ್ದರೆ, ಹಿಂದಿನ ಹಲ್ಲುಗಳನ್ನು ತಲುಪಲು ಏನು ಉಪಾಯ ಮಾಡುತ್ತೀರೆಂದು ಬರೆದು ತಿಳಿಸಿ.